ಬಾರದ ಪ್ರೊಸೆಸರ್‌ಗಳಿಗೂ ಜಾಗ ಅಳೆಯುವ ಅಕ್ಕ

ಬೆಳಗಿನ ಐದೂ ಮುಕ್ಕಾಲು. ಹಾಲಿನ ವ್ಯಾನು ಬಂದು ಹೋದ ಸದ್ದು ಬಿಟ್ಟರೆ ಬೀದಿಯಲ್ಲಿ ಬೇರೇನೂ ಇಲ್ಲ. ಟೈಲರ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಐವತ್ತೆರಡರ ಹೆಂಗಸೊಬ್ಬರು ಸ್ವೆಟರಿನ ತೋಳು ಮೇಲಕ್ಕೆ ಸರಿಸಿಕೊಂಡು, ಗೋಡೆಗುಂಟ ಇಟ್ಟ ಹನ್ನೊಂದು ಹಳೆಯ ಕಂಪ್ಯೂಟರುಗಳ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತ ಬರುತ್ತಾರೆ. ಎಲ್ಲಕ್ಕಿಂತ ಚಿಕ್ಕದರಿಂದ ಶುರು, ದೊಡ್ಡದು ಕೊನೆಗೆ. ಚಿಕ್ಕದರ ಹೆಸರು ಕುಳ್ಳ. ಯಾವುದೋ ಅಂಗಡಿಯಲ್ಲಿ ಬಿಲ್ ಹಾಕಿ ಹಾಕಿ ಸುಸ್ತಾಗಿ ಗುಜರಿಗೆ ಹೊರಟಿದ್ದಾಗ ಇವರ ಕೈಗೆ ಸಿಕ್ಕಿದ್ದು. ದೊಡ್ಡದರ ಹೆಸರು ಮಾವ. ಅದು ಏಳಲು ನಾಲ್ಕು ನಿಮಿಷ ಬೇಕು, ಏಳುವಾಗ ಕೆಮ್ಮುತ್ತದೆ ಕೂಡ.

"ಕುಳ್ಳ ಎದ್ರೆ ಅರ್ಧ ಭಯ ಹೋದ ಹಾಗೆ," ಎನ್ನುತ್ತಾರೆ ಅವರು, ಕಿವಿಯನ್ನು ಪೆಟ್ಟಿಗೆಗೆ ಹತ್ತಿರ ತಂದು. "ದೊಡ್ಡವ್ರ ಹತ್ರ ಜಾಗ ಇದ್ದೇ ಇರುತ್ತೆ. ಇಲ್ಲದವನ ಮನೇಲಿ ಏನಾಯ್ತು ಅಂತ ಮೊದ್ಲು ವಿಚಾರಿಸ್ಬೇಕು."

ಹನ್ನೊಂದೂ ಏಳುತ್ತವೆ. ಆದರೂ ಅವರ ಮುಖ ಸಡಿಲವಾಗುವುದಿಲ್ಲ. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ, ಅಂಗಡಿ ನಡೆಸುವ ಅಮ್ಮನ ಬಟ್ಟೆ ಗುರುತಿನ ಸೀಮೆಸುಣ್ಣದಲ್ಲಿ, ಇವತ್ತಿನ ಅಂಕಿ ಬರೆಯುತ್ತಾರೆ: 1,31,288. ಅದರ ಕೆಳಗೆ ಹನ್ನೊಂದು ದಿನದಿಂದ ಅಳಿಸದೆ ಉಳಿದಿರುವ ಇನ್ನೊಂದು ಅಂಕಿ ಇದೆ: 1,31,072. ಮೇಲಿನದು ಕೆಳಗಿನದಕ್ಕಿಂತ ಇಳಿಯಬೇಕು. ಇನ್ನೂರ ಹದಿನಾರು ಬೈಟ್‌ಗಳು ಹೆಚ್ಚಿವೆ. ಇವತ್ತು ಭಾನುವಾರ. ಮಧ್ಯಾಹ್ನ ಹನ್ನೆರಡಕ್ಕೆ ಗಡುವು ಮುಗಿಯುತ್ತದೆ.

ಇವರನ್ನು ಜೊತೆಗೆ ಕೆಲಸ ಮಾಡುವವರೆಲ್ಲ ಅಳತೆಯಕ್ಕ ಎಂದು ಕರೆಯುತ್ತಾರೆ. ಬಹುತೇಕರು ಅವರ ಮುಖವನ್ನೇ ನೋಡಿಲ್ಲ. ಅವರು ಮಾಡುವ ಕೆಲಸ ಏನೆಂದು ಬಿಡಿಸಿ ಹೇಳುವುದೂ ಅಷ್ಟು ಸುಲಭವಲ್ಲ. ಒಂದೇ ಸೂರಿನಡಿ ಇರುವ ತಾಯಿಗೇ ಅದು ಅರ್ಥವಾಗಲು ಆರು ವರ್ಷ ಹಿಡಿಯಿತು. ಈಗ ಮಾತ್ರ ಯಾರಾದರೂ ಕೇಳಿದರೆ ಮಗಳಿಗಿಂತ ಚೆನ್ನಾಗಿ ಅವರೇ ಹೇಳುತ್ತಾರೆ, ಹೊಲಿಗೆ ಯಂತ್ರದ ಚಕ್ರ ನಿಲ್ಲಿಸದೆ.

"ಒಂದು ಅಂಗಡೀಲಿ ಎಂಟು ಜನ ಟೈಲರ್ ಇದ್ದಾರೆ ಅಂದ್ಕೊಳ್ಳಿ. ಕತ್ತರಿ ಒಂದೇ, ದಾರದ ಡಬ್ಬಿ ಒಂದೇ ಆದ್ರೆ ಕೆಲಸ ಆಗುತ್ತಾ? ಕಿತ್ತಾಡ್ಕೊಂಡು ಸಾಯ್ತಾರೆ. ಅದಕ್ಕೆ ಒಬ್ಬೊಬ್ಬರಿಗೂ ಒಂದೊಂದು ಡ್ರಾಯರು. ಇವ್ಳು ಆ ಡ್ರಾಯರ್ ಎಷ್ಟು ದೊಡ್ಡದಿರ್ಬೇಕು ಅಂತ ಅಳೆಯೋಳು."

ಇಷ್ಟೇ ವಿಷಯ. ಕಂಪ್ಯೂಟರ್ ಎದ್ದ ಕೂಡಲೇ ಎಲ್ಲದರ ಯಜಮಾನಿಕೆ ವಹಿಸಿಕೊಳ್ಳುವ ತಂತ್ರಾಂಶದ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಬೇರೆ ಬೇರೆ ಊರುಗಳಲ್ಲಿ ಕೂತ ನೂರಾರು ಜನ, ಬಹುತೇಕರು ಸಂಬಳವಿಲ್ಲದೆ, ಪತ್ರದಲ್ಲೇ ಮಾತಾಡಿಕೊಂಡು ಅದನ್ನು ಬರೆಯುತ್ತಾರೆ. ಈಗಿನ ಯಂತ್ರಗಳಲ್ಲಿ ಪ್ರೊಸೆಸರ್ ಒಂದಲ್ಲ, ಎರಡೋ ಎಂಟೋ ಇನ್ನೂರೋ ಇರುತ್ತವೆ. ಒಂದಕ್ಕೊಂದು ಅಡ್ಡ ಬರದಂತೆ ಕರ್ನಲ್ ಪ್ರತಿಯೊಂದಕ್ಕೂ ಮೆಮೊರಿಯಲ್ಲಿ ಅದರದೇ ಒಂದು ಭಾಗ ಕೊಡುತ್ತದೆ. ಆ ಭಾಗದ ಅಳತೆಯನ್ನು ಯಂತ್ರ ಏಳುವ ಮೊದಲ ಗಳಿಗೆಯಲ್ಲೇ, ಇನ್ನೂ ಯಾವ ಕೆಲಸವೂ ಶುರುವಾಗುವ ಮುನ್ನವೇ ತೀರ್ಮಾನಿಸಬೇಕು. ಕಡಿಮೆ ಕೊಟ್ಟರೆ ಆಮೇಲೆ ಬಂದವರಿಗೆ ಜಾಗ ಇರುವುದಿಲ್ಲ. ಹೆಚ್ಚು ಕೊಟ್ಟರೆ ಆ ಹೆಚ್ಚಿನದು ಪ್ರೊಸೆಸರ್‌ಗಳ ಸಂಖ್ಯೆಯಿಂದ ಗುಣಿಸಿಕೊಂಡು ಹಾಳಾಗುತ್ತದೆ. ಅದರ ಮೇಲೆ ಇನ್ನೊಂದು ಕಿತಾಪತಿಯಿದೆ. ಈ ಡ್ರಾಯರುಗಳು ಗೊತ್ತಾದ ಕೆಲವೇ ಅಳತೆಗಳಲ್ಲಿ ಕೂರುತ್ತವೆ. ನೂರಿಪ್ಪತ್ತೆಂಟು ಕೆಬಿ, ಅಂದರೆ ಹಲಗೆಯ ಮೇಲಿನ ಆ 1,31,072 ಬೈಟ್, ಅದಕ್ಕಿಂತ ಒಂದೇ ಒಂದು ಬೈಟ್ ಮೀರಿದರೂ ಮುಂದಿನ ಅಳತೆ ನೇರವಾಗಿ ಅದರ ಎರಡರಷ್ಟು.

ಇಪ್ಪತ್ತೆರಡು ವರ್ಷದಿಂದ ಅಳತೆಯಕ್ಕ ಈ ಒಂದು ಅಂಕಿಗೆ ಕಾವಲಿದ್ದಾರೆ. ಬೆಳಿಗ್ಗೆ ಮೂರು ತಾಸು ಈ ಕೆಲಸ, ಒಂಬತ್ತರಿಂದ ಹೊಟ್ಟೆಪಾಡಿಗೆ ಪಕ್ಕದ ಬೀದಿಯ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪುಟ ಜೋಡಿಸುವ ಕೆಲಸ. ದಿನಕ್ಕೆ ನೂರ ಮೂವತ್ತರಷ್ಟು ಇ-ಮೇಲ್ ಪತ್ರಗಳು ಬರುತ್ತವೆ, ಅದರಲ್ಲಿ ಇವರಿಗೆ ಸಂಬಂಧಪಟ್ಟದ್ದು ಒಂದು ಇಪ್ಪತ್ತು, ಬೈಗುಳ ಇರುವುದು ಎರಡೋ ಮೂರೋ. ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡೇ ಕೂರುತ್ತಾರೆ. ಕನ್ನಡಕ ಎರಡಿವೆ, ಒಂದು ಪರದೆಗೆ, ಇನ್ನೊಂದು ಅಮ್ಮನ ಸೂಜಿಗೆ ದಾರ ಪೋಣಿಸಿ ಕೊಡಲು. ಎಲ್ಲ ಸರಿಯಿದ್ದ ದಿನ ಯಾರೂ ಇವರ ಸುದ್ದಿಗೆ ಬರುವುದಿಲ್ಲ. ಏನಾದರೂ ಎಡವಟ್ಟಾದರೆ ಮಾತ್ರ ಎಲ್ಲರಿಗೂ ಇವರ ವಿಳಾಸ ನೆನಪಾಗುತ್ತದೆ.

"ನೆಂಟ್ರು ಕೇಳಿದ್ರೆ ಕಂಪ್ಯೂಟರ್ ಕೆಲಸ ಅಂತಿದ್ದೆ. ಎಲ್ರೂ ಕೆಟ್ಟ ಪ್ರಿಂಟರ್ ತಂದು ಕೊಡೋಕೆ ಶುರು ಮಾಡಿದ್ರು. ಈಗ ಪ್ರೆಸ್ಸಲ್ಲಿದೀನಿ ಅಂತೀನಿ," ಎಂದು ನಗುತ್ತಾರೆ. ನಕ್ಕರೂ ಕಣ್ಣು ಹಲಗೆಯ ಮೇಲೆಯೇ.

ಹನ್ನೊಂದು ದಿನದ ಹಿಂದೆ ಬಂದ ಒಂದು ಪತ್ರದಿಂದ ಈ ಗೋಳು ಶುರುವಾದದ್ದು. ಬರೆದವರು ದೂರದ ಒಂದು ಸಣ್ಣ ಆಸ್ಪತ್ರೆಯ ಯಂತ್ರಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್. ಅಲ್ಲಿ ನಲವತ್ತು ಹಾಸಿಗೆಯ ವಾರ್ಡೊಂದಿದೆ. ಪ್ರತಿ ಹಾಸಿಗೆಗೂ ಒಂದು ಬೆಲ್, ಒತ್ತಿದರೆ ನರ್ಸುಗಳ ಮೇಜಿನ ಮೇಲಿನ ಪುಟ್ಟ ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಹಾಸಿಗೆಯ ನಂಬರ್ ಹೊತ್ತಿಕೊಂಡು ಸದ್ದಾಗುತ್ತದೆ. ಒಂದು ದಿನ ಮಧ್ಯಾಹ್ನ ಎರಡು ಗಂಟೆ ಕಾಲ ಒಂದು ಬೆಲ್ಲೂ ಆಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕಾಲು ಚಾಚಿ ಚಹಾ ಕುಡಿಯುತ್ತಿದ್ದರು. ಅಲ್ಲಿನ ಹಿರಿಯ ನರ್ಸಿಗೆ ಮಾತ್ರ ಅನುಮಾನ ಬಂತು. ನಲವತ್ತು ಕಾಯಿಲೆಯವರು ಒಟ್ಟಿಗೆ ಸುಮ್ಮನಿರುವುದುಂಟೇ ಎಂದು ಎದ್ದು ಹೋಗಿ ತಾವೇ ಒಂದು ಬೆಲ್ ಒತ್ತಿ ನೋಡಿದರು. ಪೆಟ್ಟಿಗೆಯ ದೀಪ ಉರಿಯುತ್ತಿತ್ತು, ಒಳಗೆ ಜೀವ ಇರಲಿಲ್ಲ. ನೀರು ಕೇಳಲು ಒತ್ತಿದ್ದ ಅಜ್ಜಿಯೊಬ್ಬರು ಒತ್ತಿ ಒತ್ತಿ ನಿದ್ದೆ ಹೋಗಿದ್ದರು. ಅವತ್ತು ಅಷ್ಟಕ್ಕೇ ಮುಗಿದದ್ದು ಪುಣ್ಯ.

ಮೆಕ್ಯಾನಿಕ್ ಮೂರು ದಿನ ಕೂತು ಹುಡುಕಿ, ಪೆಟ್ಟಿಗೆಯ ದಾಖಲೆಗಳನ್ನೆಲ್ಲ ಜಾಲಾಡಿ, ಕೊನೆಗೆ ಅಳತೆಯಕ್ಕನ ವಿಳಾಸಕ್ಕೆ ಬಂದು ಮುಟ್ಟಿದ್ದರು. ಪತ್ರದಲ್ಲಿ ಸಿಟ್ಟಿನ ಮಾತು ಒಂದೂ ಇರಲಿಲ್ಲ. "ಮೇಡಂ, ಹೊಸ ಕರ್ನಲ್ ಬಂದ ಮೇಲೆ ಹೀಗಾಗಿದೆ. ನಾಲ್ಕು ಗಂಟೆಗೊಮ್ಮೆ ಪೆಟ್ಟಿಗೆ ಆರಿಸಿ ಹಾಕುತ್ತಿದ್ದೇನೆ. ನರ್ಸುಗಳು ಕಾಲಿಗೆ ಚಕ್ರ ಕಟ್ಟಿಕೊಂಡು ವಾರ್ಡು ಸುತ್ತುತ್ತಿದ್ದಾರೆ. ನನಗೆ ತಿಳಿದದ್ದು ಇಷ್ಟು" ಎಂದು ಬರೆದು, ಕೆಳಗೆ ಎಲ್ಲ ಅಂಕಿಗಳನ್ನೂ ಜೋಡಿಸಿ ಕಳಿಸಿದ್ದರು.

ಅಂಕಿ ನೋಡುತ್ತಿದ್ದಂತೆ ಅಳತೆಯಕ್ಕನಿಗೆ ಗೊತ್ತಾಯಿತು. ತಪ್ಪು ಬೇರೆ ಯಾರದೂ ಅಲ್ಲ, ಅವರದೇ. ಹವಾಮಾನ ನೋಡುವ ದೊಡ್ಡ ಯಂತ್ರಗಳಲ್ಲಿ ನೆಟ್‌ವರ್ಕ್ ಕಾರ್ಡಿಗೆ ಡ್ರಾಯರಿನಲ್ಲಿ ಜಾಗ ಸಾಲುತ್ತಿಲ್ಲ ಎಂಬ ಬೇಡಿಕೆ ಬಂದಾಗ, ಅವರು ನಾಲ್ಕು ಕೆಬಿ ಹೆಚ್ಚಿಸಿದ್ದರು. ಬರೀ ನಾಲ್ಕು. ಆ ನಾಲ್ಕರಿಂದ ಅಳತೆ ಗೆರೆ ದಾಟಿ ಎರಡರಷ್ಟಾಯಿತು. ಅದು ಅವರಿಗೆ ಗೊತ್ತಿತ್ತು. ಎಂಟೋ ಹದಿನಾರೋ ಪ್ರೊಸೆಸರ್ ಇರುವ ಯಂತ್ರಕ್ಕೆ ಅದು ಲೆಕ್ಕಕ್ಕೇ ಬಾರದ ವಿಷಯ. ಆದರೆ ಆಸ್ಪತ್ರೆಯ ಆ ಪೆಟ್ಟಿಗೆ ಸುಳ್ಳುಗಾರ. ಒಳಗಿರುವುದು ಎರಡೇ ಪ್ರೊಸೆಸರ್. ಅದನ್ನು ತಯಾರಿಸಿದವರು ಯಾವುದೋ ಭಾರಿ ಯಂತ್ರದ ವಿವರಪಟ್ಟಿಯನ್ನು ಹಾಗೆಯೇ ಅಂಟಿಸಿದ್ದರಿಂದ, ಏಳುವಾಗ ಅದು ಕರ್ನಲ್‌ಗೆ ಹೇಳುವುದು ಬೇರೆ: ನನ್ನಲ್ಲಿ ಇನ್ನೂರ ನಲವತ್ತರವರೆಗೆ ಬರಬಹುದು ಎಂದು. ಕರ್ನಲ್ ಅದನ್ನು ನಂಬಿ, ಎಂದೂ ಬಾರದ ಇನ್ನೂರ ಮೂವತ್ತೆಂಟು ಅತಿಥಿಗಳಿಗೂ ಡ್ರಾಯರ್ ತೆಗೆದಿಡುತ್ತದೆ. ಮೊದಲು ಮೂವತ್ತು ಎಂಬಿ ಹೋಗುತ್ತಿತ್ತು, ಈಗ ಅರವತ್ತು. ಪೆಟ್ಟಿಗೆಯಲ್ಲಿ ಇದ್ದದ್ದೇ ತೊಂಬತ್ತಾರು. ಉಳಿದ ಮೂವತ್ತಾರರಲ್ಲಿ ಬೆಲ್ಲಿನ ತಂತ್ರಾಂಶಕ್ಕೆ ನಾಲ್ಕೈದು ಗಂಟೆಯಲ್ಲೇ ಉಸಿರು ಕಟ್ಟುತ್ತದೆ.

"ಕೊಡೋ ಮುಂಚೆ ಹನ್ನೊಂದು ಯಂತ್ರದಲ್ಲೂ ನೋಡಿದ್ದೆ," ಎನ್ನುತ್ತಾರೆ. "ನಮ್ಮನೇಲಿರೋ ಹನ್ನೊಂದೂ ಸತ್ಯವಂತರು. ನಾಲ್ಕಿದ್ರೆ ನಾಲ್ಕು ಅಂತಾವೆ. ಒಬ್ಬ ಸುಳ್ಳುಗಾರನನ್ನೂ ಸಾಕ್ಕೊಂಡಿರ್ಲಿಲ್ಲ ನೋಡಿ, ಅದೇ ನನ್ನ ತಪ್ಪು."

ತಯಾರಕರನ್ನೇ ಹಿಡಿದು ಕೇಳೋಣವೆಂದರೆ ಅವರು ಅಂಗಡಿ ಮುಚ್ಚಿ ವರ್ಷಗಳಾಗಿವೆ. ಪೆಟ್ಟಿಗೆಗೆ ಮೊಹರು ಹಾಕಿದ್ದಾರೆ, ಹೊರಗಿನಿಂದ ಏನನ್ನೂ ತಿದ್ದಲು ಬಿಡುವುದಿಲ್ಲ, ಹಳೆಯ ಕರ್ನಲನ್ನು ಮತ್ತೆ ಒಳಗೆ ಸೇರಿಸಿಕೊಳ್ಳುವುದೂ ಇಲ್ಲ. ಹೊಸದು ಬಂದರೆ ಮಾತ್ರ ತಾನಾಗಿಯೇ ತೆಗೆದುಕೊಳ್ಳುತ್ತದೆ. ಮೆಕ್ಯಾನಿಕ್ ವಿಚಾರಿಸಿದ ಪ್ರಕಾರ ಇಂಥದೇ ಪೆಟ್ಟಿಗೆಗಳು ಇನ್ನೂ ಎಷ್ಟೋ ಸಣ್ಣ ಆಸ್ಪತ್ರೆಗಳಲ್ಲಿ ಇವೆ, ಅಲ್ಲೆಲ್ಲ ಅವರಂಥ ಮೆಕ್ಯಾನಿಕ್ಕೂ ಇಲ್ಲ, ಅನುಮಾನಪಡುವ ನರ್ಸೂ ಇದ್ದಾರೆಂದು ಹೇಳಲಾಗದು. ಮುಂದಿನ ಕರ್ನಲ್ ಹೊರಬೀಳಲಿರುವ ಭಾನುವಾರದ ಗಡುವಿನೊಳಗೆ ತಿದ್ದುಪಡಿ ಅದರಲ್ಲಿ ಸೇರದಿದ್ದರೆ ಮುಂದಿನ ಸರದಿ ಒಂಬತ್ತು ವಾರದ ನಂತರ. ಹಾಗೆಂದು ಕೊಟ್ಟ ನಾಲ್ಕು ಕೆಬಿ ಕಿತ್ತುಕೊಂಡರೆ ಹವಾಮಾನದವರ ಯಂತ್ರಗಳು ಕುರುಡಾಗುತ್ತವೆ.

ಆಗ ಅಳತೆಯಕ್ಕ ಹಿಡಿದ ದಾರಿ ಬೇಡುವುದು. ಡ್ರಾಯರಿನಲ್ಲಿ ಯಾರ್ಯಾರು ಏನೇನು ತುಂಬಿಟ್ಟಿದ್ದಾರೆಂದು ಪಟ್ಟಿ ಮಾಡಿದರು. ಗೆರೆಯೊಳಗೆ ಬರಲು 2,924 ಬೈಟ್ ಉಳಿಯಬೇಕಿತ್ತು. ಕರ್ನಲಿನ ಬೇರೆ ಬೇರೆ ಭಾಗ ನೋಡಿಕೊಳ್ಳುವವರಿಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಪತ್ರ ಬರೆದರು. ಎಲ್ಲರಿಗೂ ಒಂದೇ ಪತ್ರ ಕಳಿಸಿದರೆ ಯಾರೂ ತಮ್ಮದೆಂದುಕೊಳ್ಳುವುದಿಲ್ಲ ಎಂಬುದು ಅವರ ಅನುಭವ. ಆಸ್ಪತ್ರೆಯ ಕತೆ ಎರಡು ಸಾಲು, ಆಮೇಲೆ ನೇರವಾಗಿ ಪ್ರಶ್ನೆ: ನಿಮ್ಮ ಕಡೆಯಿಂದ ಅರವತ್ತನಾಲ್ಕು ಬೈಟ್ ಬಿಟ್ಟುಕೊಡಲು ಆದೀತೇ?

ಈ ಕಾಲದಲ್ಲಿ ಅರವತ್ತನಾಲ್ಕು ಬೈಟ್ ಎಂದರೆ ಏನೂ ಅಲ್ಲ. ಅದನ್ನು ಉಳಿಸಲು ಮಾತ್ರ ಒಬ್ಬರು ತಮ್ಮ ಬರಹವನ್ನು ಬಿಚ್ಚಿ ಮತ್ತೆ ಹೊಲಿಯಬೇಕು, ಮತ್ತೆ ಪರೀಕ್ಷಿಸಬೇಕು. ಸಂಬಳವಿಲ್ಲದ ಕೆಲಸ. ಆದರೂ ಉತ್ತರಗಳು ಬರತೊಡಗಿದವು. ಡಿಸ್ಕಿನ ಭಾಗ ನೋಡುವವರು ಮಾರನೆಯ ದಿನವೇ ಇನ್ನೂರು ಕೊಟ್ಟರು. ಗಡಿಯಾರದ ಭಾಗ ನೋಡುವವರು ಎಂಬತ್ತು ಕೊಟ್ಟು, ಇಷ್ಟು ಕಡಿಮೆಯಾದದ್ದಕ್ಕೆ ಕ್ಷಮೆಯನ್ನೂ ಕೇಳಿದರು. "ಅಕ್ಕಾ, ನನ್ನ ಹತ್ರ ಒಂದು ಬೈಟೂ ಇಲ್ಲ, ಬೇಕಾದ್ರೆ ಮನೆಗೆ ಬಂದು ಹುಡುಕಿ" ಎಂದು ಬರೆದವರೂ ಇದ್ದಾರೆ. ನೆಟ್‌ವರ್ಕ್ ಭಾಗದ ಹಿರಿಯರೊಬ್ಬರು ಭಾರಿ ಮುಂಗೋಪಿ, ಎಂಟು ವರ್ಷದ ಹಿಂದೆ ಎಲ್ಲರೆದುರು ಇವರ ಒಂದು ತಿದ್ದುಪಡಿಗೆ ಛೀಮಾರಿ ಹಾಕಿದ್ದವರು. ಅವರಿಗೆ ಬರೆಯಲೋ ಬೇಡವೋ ಎಂದು ಅಳತೆಯಕ್ಕ ಎರಡು ದಿನ ಅಳುಕಿದ್ದರು. ಅವರ ಉತ್ತರ ಎರಡೇ ಪದ: "ಸರಿ, ನೋಡ್ತೀನಿ." ಮೂರನೆಯ ದಿನ ಸಾವಿರದ ಇಪ್ಪತ್ತನಾಲ್ಕು ಬೈಟ್ ಬಂದು ಬಿದ್ದವು.

"ಅವತ್ತು ಕೂತಲ್ಲೇ ಅತ್ತುಬಿಟ್ಟೆ," ಎಂದು ಅಳತೆಯಕ್ಕ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. "ಜಗಳ ಆಡಿದ ಮನುಷ್ಯ ನೋಡಿ. ಯಾರಿಗೆ ಏನು ಅಂತ ಕೊಟ್ರು? ಯಾರೋ ಬೆಲ್ ಒತ್ತೋರಿಗೆ. ಅವ್ರ ಋಣ ನಾನು ಹೇಗೆ ತೀರಿಸ್ಲಿ?"

ಹತ್ತೊಂಬತ್ತು ಜನ ಸೇರಿ 2,708 ಬೈಟ್ ಕೊಟ್ಟರು. ಪ್ರತಿಯೊಬ್ಬರಿಗೂ ಅಳತೆಯಕ್ಕ ಪ್ರತ್ಯೇಕವಾಗಿ ವಂದನೆ ಬರೆದಿದ್ದಾರೆ. ಉಳಿದದ್ದು ಇನ್ನೂರ ಹದಿನಾರು. ಇನ್ನು ಕೇಳಲು ಯಾರೂ ಇಲ್ಲ.

ಭಾನುವಾರ ಬೆಳಗಿನ ಎಂಟು ಗಂಟೆಗೆ ಅಮ್ಮ ಚಹಾ ಹಿಡಿದು ಬರುತ್ತಾರೆ. ಎಂಬತ್ತರ ಹತ್ತಿರದ ವಯಸ್ಸು, ಕುತ್ತಿಗೆಯಲ್ಲಿ ಅಳತೆಯ ಟೇಪು ನೇತಾಡುತ್ತಲೇ ಇರುತ್ತದೆ. ಮಗಳು ತಲೆ ಮೇಲೆ ಕೈಹೊತ್ತು ಕೂತಿರುವುದನ್ನು ನೋಡಿ ಲೋಟ ಇಡುತ್ತಾರೆ.

"ಎಷ್ಟು ಸಾಲ್ದು?"

"ಸ್ವಲ್ಪವೇ ಅಮ್ಮ. ಎಲ್ರನ್ನೂ ಕೇಳಿ ಆಯ್ತು. ಕೊಡೋರೆಲ್ಲ ಕೊಟ್ಟೂ ಆಯ್ತು."

"ಬಟ್ಟೆ ಸಾಲದೆ ಹೋದ್ರೆ ನಾನು ಮೊದ್ಲು ಒಳಜೇಬು ತೆಗೆದುಬಿಡ್ತೀನಿ. ಹೊರಗಿಂದ ಯಾರಿಗೂ ಕಾಣಲ್ಲ. ನಿಂದ್ರಲ್ಲಿ ಒಳಜೇಬು ಇಲ್ವಾ?"

ಅಳತೆಯಕ್ಕ ಇಲ್ಲವೆಂದು ತಲೆಯಾಡಿಸಲು ಹೋಗಿ ಅರ್ಧಕ್ಕೇ ನಿಲ್ಲಿಸುತ್ತಾರೆ. ಹನ್ನೊಂದು ದಿನ ಊರವರ ಡ್ರಾಯರನ್ನೆಲ್ಲ ತಡಕಾಡಿದವರು, ತಮ್ಮ ಸ್ವಂತ ಕಡತಗಳನ್ನು ಮಾತ್ರ ತೆರೆದೇ ನೋಡಿರಲಿಲ್ಲ. ತಾನೇ ಅಳತೆಗಾರ್ತಿ, ತನ್ನದರಲ್ಲಿ ವ್ಯರ್ಥ ಎಲ್ಲಿಂದ ಬರಬೇಕು ಎಂಬ ಭರವಸೆ. ಈಗ ತೆರೆಯುತ್ತಾರೆ. ಹದಿನೈದು ನಿಮಿಷದಲ್ಲಿ ಅದು ಸಿಗುತ್ತದೆ.

ಇಪ್ಪತ್ತೆರಡು ವರ್ಷದ ಹಿಂದೆ ಅವರು ಕರ್ನಲ್‌ಗೆ ಬರೆದ ಮೊಟ್ಟಮೊದಲ ತುಣುಕು. ಪ್ರೆಸ್ಸಿನ ಕಂಪ್ಯೂಟರೊಂದು ಆಗಾಗ ಜಾಗವಿಲ್ಲವೆಂದು ಮುಷ್ಕರ ಹೂಡುತ್ತಿದ್ದಾಗ, ಯಾವ ಪ್ರೊಸೆಸರ್‌ಗೆ ಎಷ್ಟು ಸಲ ಜಾಗ ಸಿಗದೆ ಹೋಯಿತೆಂದು ಎಣಿಸಲು ಮಾಡಿದ ಸಣ್ಣ ಕೋಷ್ಟಕ. ಮೂವತ್ತೆರಡು ಮನೆ, ಮನೆಗೆ ಎಂಟು ಬೈಟ್, ಒಟ್ಟು ಇನ್ನೂರ ಐವತ್ತಾರು. ಅದನ್ನು ಸ್ವೀಕರಿಸಿದ ದಿನ ತಂದೆ ಬದುಕಿದ್ದರು. ಒಂದಕ್ಷರ ಅರ್ಥವಾಗದಿದ್ದರೂ ಆ ಪುಟವನ್ನು ಅಚ್ಚು ಹಾಕಿಸಿ ಅಂಗಡಿಗೆ ಬಂದವರಿಗೆಲ್ಲ ತೋರಿಸಿದ್ದರು. ಕಡತದ ತಲೆಬರಹದಲ್ಲಿ ಬರೆದವರೆಂದು ಇವರ ಹೆಸರಿದೆ. ಲಕ್ಷಾಂತರ ಪುಟಗಳ ಆ ಕರ್ನಲಿನಲ್ಲಿ ಹಾಗೆ ಇವರ ಹೆಸರು ತಲೆಬರಹದಲ್ಲಿ ಇರುವುದು ಅದೊಂದೇ ಕಡೆ. ಅಲ್ಲಿಂದೀಚೆಗೆ ಮಾಡಿದ್ದೆಲ್ಲ ಬೇರೆಯವರ ಕಡತಗಳಲ್ಲಿ ಅಂಕಿ ತಿದ್ದುವ ಕೆಲಸ.

ಆ ಕೋಷ್ಟಕವನ್ನು ಈಗ ಯಾರಾದರೂ ಓದುತ್ತಾರೆಯೇ ಎಂದು ಹುಡುಕುತ್ತಾರೆ. ಓದುತ್ತಿದ್ದ ಒಂದೇ ಒಂದು ಸಲಕರಣೆ ಒಂಬತ್ತು ವರ್ಷದ ಹಿಂದೆ ನಿಂತುಹೋಗಿದೆ. ಒಂಬತ್ತು ವರ್ಷದಿಂದ ಅದು ಯಾರಿಗೂ ಬೇಡದ ಲೆಕ್ಕವನ್ನು ಎಲ್ಲ ಕಂಪ್ಯೂಟರುಗಳ ಒಳಗೆ ಕೂತು ಬರೆಯುತ್ತಲೇ ಇದೆ.

ಅಳಿಸುವ ಮುನ್ನ ಆ ಕಡತವನ್ನು ತಲೆಬರಹದಿಂದ ಕೊನೆಯವರೆಗೆ ಇನ್ನೊಮ್ಮೆ ಓದುತ್ತಾರೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ.

"ಅಪ್ಪನ ನೆನಪು ಬಂತು," ಎನ್ನುತ್ತಾರೆ ಆಮೇಲೆ. "ಹತ್ತೊಂಬತ್ತು ಜನಕ್ಕೆ ಬಿಟ್ಟುಕೊಡಿ ಬಿಟ್ಟುಕೊಡಿ ಅಂತ ಪತ್ರ ಬರೆದೋಳು ನಾನು. ನನ್ನದು ಬಂದಾಗ ಅಳಿಸೋಕೆ ಮನಸ್ಸೇ ಬರ್ಲಿಲ್ಲ. ಅವ್ರಿಗೂ ಹೀಗೇ ಆಗಿರುತ್ತೆ ಅಲ್ವಾ, ಪಾಪ. ಆಗಲೇ ನನಗೆ ಅವ್ರು ಕೊಟ್ಟಿದ್ದು ಎಷ್ಟು ಅಂತ ಗೊತ್ತಾಗಿದ್ದು."

ಹತ್ತೂವರೆಗೆ ಕಡತ ಅಳಿಸುತ್ತಾರೆ. ಕರ್ನಲನ್ನು ಹೊಸದಾಗಿ ಕಟ್ಟಿ, ಕುಳ್ಳನಿಂದ ಮಾವನವರೆಗೆ ಹನ್ನೊಂದನ್ನೂ ಮತ್ತೆ ಎಬ್ಬಿಸುತ್ತಾರೆ. ಈ ಸಲ ಕುಳ್ಳನಿಗೆ ಸುಳ್ಳು ಹೇಳುವುದನ್ನೂ ಕಲಿಸಿದ್ದಾರೆ: ಇರುವುದು ಒಂದು ಪ್ರೊಸೆಸರ್, ಹೇಳುವುದು ಇನ್ನೂರ ನಲವತ್ತು. ಎಲ್ಲ ಏಳುತ್ತವೆ. ಹಲಗೆಯ ಮೇಲೆ 1,31,032. ಗೆರೆಯೊಳಗೆ, ನಲವತ್ತು ಬೈಟ್ ಮಿಗಿಸಿ. ತಿದ್ದುಪಡಿ ಕಳಿಸುವಾಗ ವಿವರಣೆಯ ಜಾಗದಲ್ಲಿ ಹತ್ತೊಂಬತ್ತು ಜನರ ಹೆಸರನ್ನೂ ಬರೆದು, ಅವರ ಮೇಲೆ ಮೆಕ್ಯಾನಿಕ್‌ನ ಹೆಸರು, ಎಲ್ಲಕ್ಕಿಂತ ಮೇಲೆ, "ಮೊದಲು ಗಮನಿಸಿದವರು" ಎಂದು ಹಿರಿಯ ನರ್ಸಿನ ಹೆಸರು ಹಾಕುತ್ತಾರೆ. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಒಪ್ಪಿಗೆಯ ಒಂದು ಸಾಲು ಬರುತ್ತದೆ. ಅಮ್ಮ ಮಗಳು ಇಬ್ಬರೂ ಊಟ ಮಾಡಿ ಮಲಗಿಬಿಡುತ್ತಾರೆ.

ಆಸ್ಪತ್ರೆಯ ಪೆಟ್ಟಿಗೆ ಹೊಸ ಕರ್ನಲನ್ನು ತೆಗೆದುಕೊಂಡದ್ದು ಗುರುವಾರ. ಶುಕ್ರವಾರ ಬೆಳಿಗ್ಗೆ, ಒಂದು ಇಡೀ ದಿನ ಕಳೆದ ಮೇಲೆ, ಪ್ರೆಸ್ಸಿಗೆ ಹೊರಡುವ ಮುನ್ನ ಅಳತೆಯಕ್ಕ ಧೈರ್ಯ ಮಾಡಿ ವಾರ್ಡಿಗೆ ಫೋನ್ ಹಚ್ಚುತ್ತಾರೆ. ಎತ್ತಿದವರು ಹಿರಿಯ ನರ್ಸೇ. ಗಡಸು ದನಿ.

"ನೀವು ಬೆಲ್ ಕಂಪನಿಯವ್ರಾ?"

"ಅಲ್ಲಮ್ಮ. ಆ ಪೆಟ್ಟಿಗೆ ಒಳಗೆ ಒಂದು ಸಣ್ಣ ಅಳತೆ ತಪ್ಪಿತ್ತು, ಅದನ್ನ ನೋಡಿದೋಳು. ನೀವು ಅವತ್ತು ಅನುಮಾನ ಪಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳೋಣ ಅಂತ ಮಾಡಿದೆ. ಇಲ್ಲದಿದ್ರೆ ನಮಗೆ ತಿಳೀತಾನೇ ಇರ್ಲಿಲ್ಲ."

"ನನಗ್ಯಾಕಮ್ಮ ಥ್ಯಾಂಕ್ಸು, ಅದು ನನ್ನ ಕೆಲಸ. ಈಗ ಸರಿ ಇದೆ. ನಿನ್ನೆಯಿಂದ ಒಂದು ಸಲಾನೂ..."

ಮಾತು ಮುಗಿಯುವ ಮೊದಲೇ ಆ ಕಡೆ ಬೆಲ್ ಆಗುತ್ತದೆ. ಕೀಚಲು, ಎರಡೆರಡು ಸಲ ಬಡಿಯುವ ಸದ್ದು.

"ಒಂದ್ನಿಮಿಷ ಇರಿ, ಒಂಬತ್ತನೇ ಬೆಡ್ಡು," ಎಂದು ನರ್ಸ್ ಫೋನನ್ನು ಮೇಜಿನ ಮೇಲಿಟ್ಟು ಹೋಗುತ್ತಾರೆ. ದೂರವಾಗುವ ಚಪ್ಪಲಿಯ ಸದ್ದು ಕೇಳುತ್ತದೆ. ಬೆಲ್ ಬಡಿಯುತ್ತಲೇ ಇದೆ. ಅಳತೆಯಕ್ಕ ಫೋನ್ ಇಡುವುದಿಲ್ಲ. ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತವರು ಹಾಗೆಯೇ ಕಿವಿಗೊಟ್ಟು ನಿಲ್ಲುತ್ತಾರೆ. ಹೊಲಿಗೆ ಯಂತ್ರದ ಚಕ್ರಕ್ಕೆ ಕೈ ಅಡ್ಡವಿಟ್ಟು ನಿಲ್ಲಿಸಿ ಅಮ್ಮ ಇವರ ಮುಖ ನೋಡುತ್ತಾರೆ.

ಬೆಲ್ ನಿಲ್ಲುತ್ತದೆ.

"ಏನಾಯ್ತೇ?" ಎನ್ನುತ್ತಾರೆ ಅಮ್ಮ.

"ಹೋದ್ರಮ್ಮ," ಎನ್ನುತ್ತಾರೆ ಅಳತೆಯಕ್ಕ. "ಬೆಲ್ ಒತ್ತಿದೋರ ಹತ್ರ ಹೋದ್ರು."